ಆಯೇರಿಯ ಜೋಡಿ

ಹೊಸ ಅಂಗಿಯ ಕಾಲರಿನೊಳಗೆ ಒಂದು ಗುಂಡುಪಿನ್ನು ಉಳಿದುಬಿಟ್ಟಿತ್ತು. ಕತ್ತು ಹೊರಳಿಸಿದಾಗಲೆಲ್ಲ ಚುಚ್ಚುತ್ತಿತ್ತು. ತೆಗೆದು ಬಿಸಾಕುವುದು ದೊಡ್ಡ ಕೆಲಸವೇನಲ್ಲ, ಆದರೆ ಕೈ ಕಾಲರಿಗೆ ಹೋದದ್ದೇ ತಡ ತಮ್ಮನ ಹೆಂಡತಿ ಕಾಶವ್ವ ದೂರದಿಂದಲೇ ನೋಡಿ, 'ಭಾವಾರ, ಅಂಗಿ ಬರೋಬ್ಬರಿ ಕುಂತೈತಿಲ್ಲ?' ಅಂತ ಓಡಿ ಬರುತ್ತಾಳೆ, ಬಂದರೆ ಬಾಯಿಬಿಡಬೇಕಾಗುತ್ತದೆ, ಬಾಯಿಬಿಟ್ಟರೆ ಏನು ಹೊರಬೀಳುತ್ತದೋ ಎಂದು ಮುರಿಗೆಪ್ಪ ಫೋಟೋ ತೆಗೆಸಿಕೊಳ್ಳುವವನ ಹಾಗೆ ನೆಟ್ಟಗೆ ಕೂತಿದ್ದ. ದಹಿಸರ್ ಸ್ಟೇಷನ್ನಿನ ಬಗಲಿಗೇ ಇದ್ದ ಹಾಲ್. ಲೋಕಲ್ ರೈಲು ಹೋದಾಗಲೆಲ್ಲ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ತಮ್ಮ ಶಾಂತಪ್ಪನ ಮಗ ಅಮಿತನ ಮದುವೆ. ಅಕ್ಕಿಕಾಳು ಬಿದ್ದು, ಮೊದಲ ಪಂಕ್ತಿಯ ಊಟವೂ ಮುಗಿದು, ಹೆಂಗಸರು ಸ್ಟೇಜಿನ ಮೇಲೆ ಜಮಖಾನೆ ಕೊಡವಿ ಹಾಸುತ್ತಿದ್ದರು. ಇನ್ನು ಆಯೇರಿ. ಜಮಖಾನೆಯ ಮೇಲೆ ಅಕ್ಕಪಕ್ಕ ಎರಡು ಮಣೆ ಇಟ್ಟರು. ಒಂದು ಚೂರು ಸೊಟ್ಟಗಾಗಿತ್ತು. ಕಾಶವ್ವ ಬಗ್ಗಿ ಅದನ್ನು ಇನ್ನೊಂದಕ್ಕೆ ತಾಗುವ ಹಾಗೆ ಸರಿಸಿದಳು.

ಆಯೇರಿ ಅಂದರೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು. ಆದರೆ ಮರ್ಯಾದೆ ಬಟ್ಟೆಯಲ್ಲಿ ಇರುವುದಿಲ್ಲ, ಮಣೆಯಲ್ಲಿ ಇರುತ್ತದೆ. ಗಂಡ ಹೆಂಡತಿ ಜೋಡಿಯಾಗಿ ಕೂತರೆ ಗಂಡನ ತಲೆಗೆ ರುಮಾಲು, ಹೆಂಡತಿಗೆ ಸೀರೆ, ಮೈಕಿನಲ್ಲಿ ಹೆಸರು, ಸುತ್ತ ಹತ್ತು ಜನ. ಜೋಡಿ ಇಲ್ಲದವನಿಗೆ ಮಣೆ ಇಲ್ಲ. ಅವನು ಎಲ್ಲಿ ಕುರ್ಚಿಯಲ್ಲಿ ಕೂತಿರುತ್ತಾನೋ ಅಲ್ಲಿಗೇ ಯಾರೋ ಒಬ್ಬ ಹುಡುಗ ಬಂದು ಹೆಗಲ ಮೇಲೆ ಒಂದು ಟಾವೆಲ್ ಹಾಕಿ, ಮೊಬೈಲು ನೋಡುತ್ತ ಹೋಗುತ್ತಾನೆ. ಎಷ್ಟು ಮದುವೆ, ಎಷ್ಟು ಟಾವೆಲ್. ಈ ಶಾಂತಪ್ಪನನ್ನು ಊರಿಂದ ಕರೆತಂದು, ಚಾಳಿನ ಖೋಲಿಯಲ್ಲಿ ಇಟ್ಟುಕೊಂಡು, ಬಾಂದ್ರಾದ ಒಂದು ಬಿಲ್ಡಿಂಗಿನ ಲಿಫ್ಟಿನೊಳಗೆ ನಿಂತು ದುಡಿದ ಪಗಾರದಲ್ಲಿ ಓದಿಸಿ, ಅವನ ಮದುವೆಯನ್ನು ತಾನೇ ನಿಂತು ಮಾಡಿದಾಗಲೂ, ಆಯೇರಿಯ ಹೊತ್ತಿಗೆ ಮುರಿಗೆಪ್ಪನ ಹೆಗಲಿಗೆ ಬಿದ್ದದ್ದು ಟಾವೆಲ್ಲೇ. ಆ ಟಾವೆಲ್ಲುಗಳನ್ನೆಲ್ಲ ಸಾಂತಾಕ್ರೂಜಿನಲ್ಲಿದ್ದ ದೋಸ್ತ ಹಣಮಂತನ ಖೋಲಿಗೆ ಒಯ್ದು ಎಸೆಯುತ್ತಿದ್ದ. ಹಣಮಂತ ಮೈ ತೊಳೆದುಕೊಂಡು ಬಂದು ಮುಖ ಒರೆಸಿಕೊಳ್ಳುತ್ತ, 'ಲೇ ಮುರಿಗ್ಯಾ, ಇದು ಯಾರ ಮದವಿದೋ? ಬಣ್ಣ ಬಿಡಾಕತ್ತೈತಿ. ಅಗ್ಗದ ಬೀಗರು ಕಾಣಸ್ತೈತಿ' ಅನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು. ನಕ್ಕಿದ್ದು ಹೌದು. ಆದರೆ ಹಣಮಂತ ನಕ್ಕ ಹಾಗೆ ತಾನು ನಕ್ಕಿರಲಿಲ್ಲ ಅನ್ನುವುದು ಮುರಿಗೆಪ್ಪನಿಗೆ ಈಗ, ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕುತ್ತಿಗೆಗೆ ಪಿನ್ನು ಚುಚ್ಚಿಸಿಕೊಳ್ಳುತ್ತ ಕೂತಾಗ ಹೊಳೆಯಿತು. ತನಗೆ ಮಣೆ ಬೇಕಾಗಿತ್ತು. ಅರವತ್ತೆಂಟರ ವಯಸ್ಸಿನಲ್ಲೂ ಬೇಕಾಗಿತ್ತು. ಥೂ ನಿನ್ನ.

ಹಣಮಂತ ಎಲ್ಲಿದ್ದಾನೆ? ಬಾಗಿಲ ಹತ್ತಿರ, ನೀರಿನ ಡ್ರಮ್ಮಿನ ಪಕ್ಕ, ಗೋಡೆಗೆ ಒರಗಿ ನಿಂತಿದ್ದ. ಬೆಳಿಗ್ಗೆ ಮದುಮಗನಿಗೆ ರುಮಾಲು ಸುತ್ತಿದವನು ಅವನೇ. ವಿಜಯಪುರದ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ಸೇರಿದ ಮಂದಿಯ ಮದುವೆಗಳಿಗೆಲ್ಲ ಅವನೇ ರುಮಾಲು ಸುತ್ತುವವನು. ಸೆಂಟ್ರಿಂಗ್ ಕೆಲಸದಲ್ಲಿ ಕಬ್ಬಿಣದ ಸಳಿಗೆ ತಂತಿ ಬಿಗಿದು ಬಿಗಿದು ಬೆರಳು ಹಾಗೇ ಆಗಿವೆ, ಏನು ಸುತ್ತಿದರೂ ಬಿಚ್ಚುವುದಿಲ್ಲ. ಅವನಿಗೆ ಬಂದ ಮದುವೆಯ ಚೀಟಿಯ ಮೇಲೆ 'ಹಣಮಂತ ಮತ್ತು ಕುಟುಂಬ' ಅಂತ ಬರೆದು ಕಳಿಸಿದ್ದು ಶಾಂತಪ್ಪ. ನಿನ್ನೆ ಅದನ್ನು ಮುರಿಗೆಪ್ಪನ ಮುಖಕ್ಕೆ ಹಿಡಿದು, 'ಓದು, ನನ್ನ ಕುಟುಂಬದ ಹೆಸರು ಓದು' ಅಂದಿದ್ದ.

ಇದೆಲ್ಲ ಶುರುವಾದದ್ದು ಉಪಕಾರದಿಂದ. ಅದು ನೆನಪಾದರೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಮುರಿಗೆಪ್ಪನ ಸಿಟ್ಟು ಚಪ್ಪಲಿ ಕಳೆದುಕೊಂಡವನ ಹಾಗೆ ಅಲ್ಲಿ ಇಲ್ಲಿ ತಿರುಗುತ್ತಿತ್ತು. ಸಾಂತಾಕ್ರೂಜಿನಲ್ಲಿ ವಾರಿಜಾಬಾಯಿಯ ಫ್ಲಾಟಿನಲ್ಲಿ ತಿಂಗಳಿಗೊಮ್ಮೆ ಭಾನುವಾರ ಮುರಿಗೆಪ್ಪ, ಹಣಮಂತ ಮತ್ತು ಅವರಂಥವರೆಲ್ಲ ಸೇರುತ್ತಿದ್ದರು. ಸೊಸೈಟಿಯವರಿಗೆ ಅದು 'ಸೀನಿಯರ್ ಸಿಟಿಜನ್ಸ್ ಭಜನಾ ಮಂಡಳಿ'. ಎದುರಿಗೆ ಒಂದು ಜೋಡಿ ತಾಳ ಇಟ್ಟುಕೊಂಡಿರುತ್ತಿದ್ದರು, ಬೆಲ್ ಆದರೆ ಯಾರಾದರೂ ಒಬ್ಬರು ಬಾರಿಸುವುದು. ಗಂಡಸರನ್ನು ಪ್ರೀತಿಸಿದ ಗಂಡಸರು, ಹೆಂಗಸರನ್ನು ಪ್ರೀತಿಸಿದ ಹೆಂಗಸರು, ಎಲ್ಲರ ಮೊಳಕಾಲೂ ನೋಯುತ್ತಿದ್ದವು, ಎಲ್ಲರಿಗೂ ಚಹಾಕ್ಕೆ ಸಕ್ಕರೆ ಬೇಡ. ವಾರಿಜಾ ಮಂಗಳೂರಿನ ಕಡೆಯವಳು, ನರ್ಸ್ ಆಗಿದ್ದವಳು. ಜೊತೆಗೆ ಕೆಲಸ ಮಾಡುತ್ತಿದ್ದ ಗ್ಲಾಡಿಸ್ ಜೊತೆ ಆ ಫ್ಲಾಟಿನಲ್ಲಿ ಬದುಕಿದವಳು. 'ಬಿಲ್ಡಿಂಗಿನವರಿಗೆ ನಾವು ರೂಮ್‌ಮೇಟ್ಸ್ ಮಾರಾಯ್ರೆ. ಕೂದಲು ಬೆಳ್ಳಗಾದ ಮೇಲೂ ರೂಮ್‌ಮೇಟ್ಸ್. ಯಾವ ಹಾಸ್ಟೆಲಲ್ಲಿ ಹಲ್ಲು ಸೆಟ್ ಇಟ್ಟುಕೊಂಡ ರೂಮ್‌ಮೇಟ್ಸ್ ಇರ್ತಾರೆ ಹೇಳಿ?' ಅನ್ನುತ್ತಿದ್ದಳು. ಗ್ಲಾಡಿಸ್ ಸತ್ತಾಗ ಚರ್ಚಿನಲ್ಲಿ ಮನೆಯವರಿಗೆಂದು ಬಿಟ್ಟಿದ್ದ ಬೆಂಚಿನಿಂದ ಅವಳನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದ್ದರಂತೆ. ಅಲ್ಲಿಂದ ಬಂದವಳೇ ಈ ಮಂಡಳಿ ಶುರುಮಾಡಿದ್ದು. ಅವಳದೊಂದೇ ಕಾನೂನು: ಆಸ್ಪತ್ರೆ, ಪೋಲೀಸು, ಮನೆ ಮಾಲೀಕ, ಎಲ್ಲಿ 'ನೀವು ಇವರಿಗೆ ಏನಾಗಬೇಕು?' ಅಂತ ಕೇಳುತ್ತಾರೋ ಅಲ್ಲಿ ನಮ್ಮಲ್ಲಿ ಯಾರಾದರೂ ಒಬ್ಬರು ಏನಾದರೂ ಆಗಬೇಕು. ಧಾರವಾಡದ ದೇವಾನಂದ ಒಬ್ಬ ಗುಜರಾತಿ ಮುದುಕನಿಗೆ ಸೋದರಳಿಯ ಆಗಿದ್ದ, ವಯಸ್ಸಿನಲ್ಲಿ ಅವನಿಗಿಂತ ದೊಡ್ಡವನು. 'ನಮ್ಮದು ನಾಟಕ ಕಂಪನಿ ನೋಡ್ರಿ, ಟಿಕೀಟ ಅಷ್ಟ ಇಲ್ಲ' ಅಂತ ದೇವಾನಂದ ನಗಿಸುತ್ತಿದ್ದ. ಆ ಭಾನುವಾರಗಳಲ್ಲಿ ಮುರಿಗೆಪ್ಪ ಮತ್ತು ಹಣಮಂತ ಒಂದೇ ಸೋಫಾದಲ್ಲಿ, ಒಬ್ಬನ ತೊಡೆ ಇನ್ನೊಬ್ಬನ ತೊಡೆಗೆ ತಾಗಿಸಿಕೊಂಡು, ಎಲ್ಲರ ಎದುರು ಕೂಡುತ್ತಿದ್ದರು. ಅಷ್ಟೇ. ಅದೊಂದು ದೊಡ್ಡ ವಿಷಯ ಅಂತ ಕೂತಾಗ ಅನ್ನಿಸಿರಲಿಲ್ಲ.

ಕಳೆದ ಚಳಿಗಾಲ ಹಣಮಂತನ ಖೋಲಿಯಲ್ಲಿ ಮುರಿಗೆಪ್ಪನಿಗೆ ಎದೆ ಹಿಡಿದುಕೊಂಡಿತು. ಹಣಮಂತ ರಿಕ್ಷಾದಲ್ಲಿ ಹಾಕಿಕೊಂಡು ಬಾಂದ್ರಾದ ಆಸ್ಪತ್ರೆಗೆ ಒಯ್ದ. ಕೌಂಟರಿನ ಹುಡುಗಿ 'ಆಪ್ ಕೌನ್?' ಅಂದಳು. ಹಣಮಂತ, 'ದೋಸ್ತ್.' 'ಘರ್‌ವಾಲೋಂ ಕೋ ಬುಲಾಯಿಯೇ.' ಶಾಂತಪ್ಪನ ಮನೆಯವರೆಲ್ಲ ಊರಿಗೆ ಹೋಗಿದ್ದರು. ಹಣಮಂತ ವಾರಿಜಾಳಿಗೆ ಫೋನು ಹಚ್ಚಿದ. ಅವಳು ಬಂದಳು, 'ವೈಫ್' ಅಂದಳು, ಬಾಗಿಲು ತೆರೆಯಿತು. ಆ ಎರಡಕ್ಷರಕ್ಕೆ ಎಂಥ ತಾಕತ್ತು ಅನ್ನುವುದು ಸ್ಟ್ರೆಚರಿನ ಮೇಲೆ ಮಲಗಿದ್ದವನಿಗೂ ಕೇಳಿಸಿತು. ಅವಳು ಮಂಚದ ಪಕ್ಕ ಕುರ್ಚಿಯಲ್ಲೇ ನಿದ್ದೆ ಮಾಡಿದಳು, ಮೂತ್ರದ ಚೀಲ ನೋಡಿದಳು, ಡಾಕ್ಟರನ್ನು ಗದರಿದಳು. ಹಣಮಂತ ಕೆಳಗೆ ಕಾಂಪೌಂಡಿನ ಕಟ್ಟೆಯ ಮೇಲೆ ಕೂತ. ಮುರಿಗೆಪ್ಪನಿಗೆ ಎಚ್ಚರವಾದಾಗಲೆಲ್ಲ ವಾರಿಜಾ ಬಾಗಿ, 'ಕೆಳಗೆ ಇದ್ದಾರೆ. ವಡಾಪಾವ್ ತಿಂದ್ರು' ಅಂತ ಕಿವಿಯಲ್ಲಿ ವರದಿ ಕೊಡುತ್ತಿದ್ದಳು. ಅಷ್ಟರಲ್ಲಿ ಶಾಂತಪ್ಪ ಊರಿಂದ ಓಡಿ ಬಂದ. ವಾರ್ಡಿನವನು ಅವನಿಗೆ, 'ಆಪ್ಕೀ ಭಾಭೀ ಕ್ಯಾಂಟೀನ್ ಗಯೀ ಹೈ' ಅಂದ. ಭಾಭೀ, ಅಂದರೆ ಅತ್ತಿಗೆ.

ಶಾಂತಪ್ಪ ಮಂಚದ ಮೇಲೆ ಕೂತು ಅತ್ತುಬಿಟ್ಟ. ದುಃಖದಿಂದಲ್ಲ. 'ಅಣ್ಣಾ, ನಂಗ ಯಾಕ ಮುಚ್ಚಿಟ್ಟಿ? ಒಬ್ಬನ ಅದಾನ, ನನ್ನ ಸಲುವಾಗಿ ಮದವಿ ಆಗದ ಉಳದಾನ ಅಂತ ನಾ ಎಷ್ಟು ನೊಂದೀನಿ ಗೊತ್ತೈತಿ? ವಾರಾ ವಾರಾ ಸಾಂತಾಕ್ರೂಜಿಗೆ ಹೊಕ್ಕಿದ್ದಿ, ಈಗ ತಿಳೀತು. ತುಳು ಮಂದಿ ಆದ್ರ ಏನಾತು? ಈಗ ಯಾರು ಜಾತಿ ನೋಡ್ತಾರ?' ಮೂವತ್ತು ವರ್ಷ ಎದೆಯ ಮೇಲೆ ಇಟ್ಟುಕೊಂಡಿದ್ದ ಕಲ್ಲನ್ನು ಇಳಿಸಿದವನ ಹಾಗೆ ಮೂಗು ಸೀಟಿಕೊಂಡ. ಆಗಲೇ ಹೇಳಬಹುದಿತ್ತು. ಹೇಳಲಾಗಲಿಲ್ಲ, ನಳಿಗೆ ಹಾಕಿದ್ದರು ಅಂತ ಆಮೇಲೆ ಹಣಮಂತನಿಗೆ ಮುರಿಗೆಪ್ಪ ಹೇಳಿದ್ದ. ಹಣಮಂತ, 'ನಳಿಗಿ ಮೂಗಿಗೆ ಇತ್ತಲೇ. ಬಾಯಿಗೆ ಏನಿತ್ತು?' ಅಂದ.

ಬಾಯಿಗೆ ಏನಿತ್ತು? ತಮ್ಮನ ಸಂತೋಷ ಇತ್ತು. ಅದರ ಹಿಂದೆ ಇನ್ನೂ ಒಂದು ಇತ್ತು, ಅದನ್ನು ಮುರಿಗೆಪ್ಪ ಯಾರಿಗೂ ಹೇಳಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ದಹಿಸರಿನ ತಮ್ಮನ ಮನೆಯಲ್ಲಿ ಅವನ ತೂಕವೇ ಬದಲಾಗಿತ್ತು. ಅಮಿತ ಎದ್ದು ಕುರ್ಚಿ ಬಿಡುತ್ತಿದ್ದ. 'ದೊಡ್ಡಪ್ಪಾ, ಯೂ ಆರ್ ಸೋ ಕೂಲ್ ಯಾರ್' ಅಂತ ಹೆಗಲು ತಟ್ಟಿದ್ದ. ಮೊದಲೆಲ್ಲ ಹುಡುಗಿ ಕೊಡುವವರ ಎದುರು 'ಇವರು ನಮ್ಮ ಅಣ್ಣ' ಅಂದು ಮಾತು ಬದಲಿಸುತ್ತಿದ್ದ ಶಾಂತಪ್ಪ, ಬೆಳಗಾವಿಯಿಂದ ಬಂದ ಬೀಗರಿಗೆ, 'ಅಣ್ಣಾರದು ಲವ್ ಮ್ಯಾರೇಜ್' ಅಂತ ಎದೆಯುಬ್ಬಿಸಿ ಹೇಳಿದ. ಸೊಸೆಯಾಗುವ ಸ್ನೇಹಲ್ ಕಾಲಿಗೆ ಬಿದ್ದಳು. ಮುರಿಗೆಪ್ಪ ಆಶೀರ್ವಾದ ಮಾಡಿದ. ಕೈ ನಡುಗಲಿಲ್ಲ. ಅದೇ ಈಗ ಅಸಹ್ಯವಾಗುತ್ತಿರುವುದು, ಕೈ ಒಂಚೂರೂ ನಡುಗದೇ ಇದ್ದದ್ದು.

ನಿನ್ನೆ ಖೋಲಿಯಲ್ಲಿ ಹಣಮಂತ ಮದುಮಗನ ರುಮಾಲಿಗೆ ಇಸ್ತ್ರಿ ಹಾಕುತ್ತಿದ್ದ. ನೆಲದ ಮೇಲೆ ಚಾದರ ಹಾಸಿ, ಆ ಉದ್ದನೆಯ ಕೇಸರಿ ಬಟ್ಟೆಯನ್ನು ಮೊಳ ಮೊಳವಾಗಿ ಎಳೆದು ತೀಡುತ್ತಿದ್ದ. ತಲೆಯೆತ್ತದೆ ಕೇಳಿದ.

'ಕೂಡ್ತಿ ಏನು ಆಕಿ ಕೂಡ ಮಣಿ ಮ್ಯಾಲ?'

'ಕಾಶವ್ವ ವಾರಿಜಾಬಾಯಾರಿಗೆ ಫೋನ್ ಮಾಡಿಬಿಟ್ಟಾಳ. ಸೀರಿ ಬಣ್ಣ ಸೈತ ಕೇಳ್ಯಾಳ. ಆಯಿತು ಅಂದಾರ ಅವರು.'

'ನಾ ಅವರದು ಕೇಳಲಿಲ್ಲ. ಅವರು ಪಾಪ, ಯಾರು ಏನಾಗು ಅಂದ್ರೂ ಆಕ್ಕಾರ. ನೀ ಏನಾಕ್ಕಿ?'

'ಒಂದು ಗಳಿಗಿ ಹಣಮ್ಯಾ. ಕುಂತು ಎದ್ದರ ಮುಗೀತು. ತಮ್ಮ ಬೀಗರ ಮುಂದ...'

'ದವಾಖಾನ್ಯಾಗ ಆಕಿ ನಿನ್ನ ಹೇಣ್ತಿ ಆಗಿದ್ದು ನೀ ಉಳೀಲಿ ಅಂತ. ನಾ ಕಟ್ಟಿ ಮ್ಯಾಲ ಕುಂತು ದೇವರಿಗೆ ಕೈ ಮುಗದೆ. ಸೊಳ್ಳಿ ಕಡಿಸಿಕೊಂಡೆ. ಬ್ಯಾರೆ ಮಾತು ಅದು. ನಾಳೆ ಯಾರರೆ ಸಾಯಾಕತ್ತಾರೇನು?' ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದ. 'ಕೂಡು. ಬ್ಯಾಡನ್ನೂದಿಲ್ಲ. ಕುಂತಿ ಅಂದ್ರ ಹಂಗ ತಮ್ಮನ ಮನ್ಯಾಗ ಇದ್ದಬಿಡು. ಈ ಖೋಲಿಗೆ ತಿರುಗಿ ಬರಬ್ಯಾಡ.'

ಮುರಿಗೆಪ್ಪ ನಗಲು ನೋಡಿದ. 'ಈ ವಯಸ್ಸಿನ್ಯಾಗ ಸೋಡಚೀಟಿ ಕೊಟ್ಟು ನನ್ನ ಬಿಡ್ತೀ ಏನೋ?' ಹಣಮಂತ ನಗಲಿಲ್ಲ. ಮತ್ತೆ ಇಸ್ತ್ರಿ ಹಿಡಿದ. ಹಣಮಂತ ಸುಮ್ಮನೆ ಹೆದರಿಸುವವನಲ್ಲ. ಅಣ್ಣಂದಿರು ಹೆಣ್ಣು ಗೊತ್ತುಮಾಡಿದ ದಿನ ಊರು ಬಿಟ್ಟವನು, ತಾಯಿ ಸತ್ತಾಗಲೂ ಹೋಗಲಿಲ್ಲ. ಬರುವುದಿಲ್ಲ ಅಂದಿದ್ದ, ಹೋಗಲಿಲ್ಲ. ದಹಿಸರ್‌ಗೆ ವಾಪಸ್ಸು ಬರುವ ಲೋಕಲ್ಲಿನಲ್ಲಿ ಮುರಿಗೆಪ್ಪ ಬಾಗಿಲ ಕಂಬ ಹಿಡಿದು ನಿಂತು, ಹಣಮಂತನದೇ ತಪ್ಪು ಅಂತ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಎಲ್ಲರ ಎದುರು ಕೂಡಬೇಡ ಅನ್ನಲು ಇವನ್ಯಾರು? ಆಮೇಲೆ ಆ ಪ್ರಶ್ನೆ ತನ್ನ ಬಾಯಿಂದಲೇ ಕೌಂಟರಿನ ಹುಡುಗಿಯ ದನಿಯಲ್ಲಿ ಬಂದ ಹಾಗೆ ಕೇಳಿ, ಬೊರಿವಲಿ ಬರುವ ತನಕ ಹೊರಗಿನ ಗಾಳಿಗೆ ಮುಖ ಒಡ್ಡಿದ್ದ.

'ಎಂತ ಮಾರಾಯ್ರೆ, ಹುಳಿ ತಿಂದವರ ಹಾಗೆ ಮುಖ ಮಾಡಿದ್ದೀರಿ?'

ವಾರಿಜಾ. ಹಸಿರು ರೇಷ್ಮೆ ಸೀರೆ, ಮುಡಿಗೆ ಕಾಶವ್ವ ಸಿಕ್ಕಿಸಿದ ಅಬ್ಬಲಿಗೆ. ಬಂದಾಗಿನಿಂದ ಕಾಶವ್ವ ಅವಳ ಕೈ ಬಿಟ್ಟಿರಲಿಲ್ಲ, 'ನನ್ನ ನೆಗೆಣ್ಣಿ, ನನ್ನ ನೆಗೆಣ್ಣಿ' ಅಂತ ಈ ಹೊಸ ಓರಗಿತ್ತಿಯನ್ನು ಕಂಡವರಿಗೆಲ್ಲ ತೋರಿಸಿಕೊಂಡು ತಿರುಗುತ್ತಿದ್ದಳು. ಹೇಗೋ ಬಿಡಿಸಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ದನಿ ಇಳಿಸಿದಳು. 'ಹಣಮಂತ ನನ್ನ ಹತ್ರ ಮಾತಾಡ್ಲಿಲ್ಲ. ನಮಸ್ಕಾರ ಅಂತ ಮಾತ್ರ ಹೇಳಿದ್ರು. ನಂಗೆ ಅವರು ನಮಸ್ಕಾರ ಹೇಳುವುದಾ? ನೀವು ಅವರನ್ನ ಕೇಳಿದ್ದೀರಿ ಅಂತ ತಿಳ್ಕೊಂಡು ನಾನು ಹೂಂ ಅಂದದ್ದು.'

'ಕೇಳೀನಿ.'

'ಕೇಳಿದ್ದೋ, ಹೇಳಿದ್ದೋ?'

ಮುರಿಗೆಪ್ಪ ಕಾಲರಿನ ಕಡೆ ಕೈ ಎತ್ತಿ ಮತ್ತೆ ಇಳಿಸಿದ.

'ನೋಡಿ, ಕೂತ್ಕೊಳ್ಳುದು ನಂಗೆ ಕಷ್ಟ ಇಲ್ಲ. ಸುಳ್ಳು ಹೇಳಿ ಹೇಳಿ ನಂಗೆ ಡಿಗ್ರಿ ಆಗಿದೆ. ಆದ್ರೆ ಯಾರನ್ನಾದ್ರೂ ಹಿಂದಿನ ಬೆಂಚಿಗೆ ಕಳಿಸಿ ನಾನು ಮುಂದೆ ಕೂತ್ಕೊಳ್ಳುದಿಲ್ಲ. ನಿಮ್ಗೆ ಬೇಡಾಂತಾದ್ರೆ ಈಗ ಹೇಳಿ. ಬಿಪಿ ಅಂತ ಹೇಳಿ ರಿಕ್ಷಾ ಹಿಡೀತೇನೆ. ನರ್ಸಿನ ಬಿಪಿ ಯಾರೂ ಚೆಕ್ ಮಾಡುದಿಲ್ಲ.'

ಅದು ಬಾಗಿಲು. ಅವಳು ತೆರೆದು ಹಿಡಿದಿದ್ದಳು. ಲಿಫ್ಟಿನಲ್ಲಿ ನಿಂತು ಜನ್ಮವಿಡೀ ಬೇರೆಯವರಿಗೆ ಬಾಗಿಲು ತೆರೆದವನಿಗೆ ತೆರೆದ ಬಾಗಿಲು ಕಂಡರೂ ಕಾಲು ಏಳಲಿಲ್ಲ. ಹೋಗಿರಿ ಅನ್ನಬೇಕು. ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಸ್ಟೇಜಿನ ಮೇಲೆ ಕಾಶವ್ವ ಒಂದು ತಟ್ಟೆಯಲ್ಲಿ ಹೊಸ ಕೇಸರಿ ರುಮಾಲನ್ನೂ ಮಡಿಕೆ ಬಿಚ್ಚದ ಸೀರೆಯನ್ನೂ ಇಡುತ್ತಿದ್ದಳು. ಅದು ತನ್ನದು. ಅದರ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದಿತ್ತು.

'ಇರ್ರಿ,' ಅಂದ ಮುರಿಗೆಪ್ಪ.

ವಾರಿಜಾ ಅವನನ್ನೇ ನೋಡಿದಳು. ಏನೋ ಅನ್ನಬೇಕೆಂದಿದ್ದಳು. ಮೈಕು ಕಿರ್ ಅಂದಿತು.

ಮೈಕು ಹಿಡಿದವನು ಕಾಶವ್ವನ ತಮ್ಮ ಚಂದ್ರಾಮ. ಟೆಂಪೋ ಓಡಿಸುತ್ತಾನೆ, ಮದುವೆಯಲ್ಲಿ ಮೈಕು ಸಿಕ್ಕರೆ ಬ್ರೇಕು ಇಲ್ಲ. 'ಹಲೋ ಹಲೋ, ಎಲ್ಲಾರೂ ಈ ಕಡೆ ಲಕ್ಷ ಕೊಡ್ರಿ. ಐಸ್‌ಕ್ರೀಮ್ ಆಮ್ಯಾಲ. ಈಗ ಆಯೇರಿ. ಮೊದಲನೇ ಮರ್ಯಾದಿ ಮನಿ ಹಿರಿಯಾರಿಗೆ. ಇಷ್ಟು ದಿವಸ ನಮ್ಮ ಮುರಿಗೆಪ್ಪ ಮಾವಾರು ಕುರ್ಚಿ ಮ್ಯಾಲ ಟಾವೆಲ್ ತಗೊಂತಿದ್ದರು. ಈ ಸಲ ಟಾವೆಲ್ ಬಂದ್. ಜೋಡೀಲೆ ಬರ್ತಾರ. ಚಪ್ಪಾಳಿ ಹೊಡೀರಿ!' ಜನ ಹೊಡೆದರು. ಅಂದರೆ ಎಲ್ಲರೂ ನೋಡುತ್ತಿದ್ದರು ಹಾಗಾದರೆ. ಪ್ರತಿ ಮದುವೆಯಲ್ಲೂ, ಪ್ರತಿ ಟಾವೆಲ್ಲೂ, ಎಲ್ಲರೂ ನೋಡಿ, ನೋಡದ ಹಾಗೆ ಹೋಳಿಗೆ ತಿನ್ನುತ್ತಿದ್ದರು. ಮುರಿಗೆಪ್ಪನ ಕಿವಿ ಬಿಸಿಯಾಯಿತು. ಎದ್ದ. ನಡೆದ. ಹಿಂದೆ ವಾರಿಜಾಳ ಸೀರೆಯ ಸದ್ದು. ಸ್ಟೇಜಿನ ಮೆಟ್ಟಿಲಿಗೆ ಶಾಂತಪ್ಪ ಕೈ ಕೊಟ್ಟ, ಸಣ್ಣವನಿದ್ದಾಗ ಲೋಕಲ್ ಹತ್ತಿಸಲು ತಾನು ಅವನಿಗೆ ಕೊಡುತ್ತಿದ್ದ ಹಾಗೆ. ಆ ಕೈಯಲ್ಲಿ ಎಷ್ಟು ಪ್ರೀತಿ ಇತ್ತೆಂದರೆ ಕೊಸರಿಕೊಳ್ಳಲು ಆಗಲಿಲ್ಲ. ಮಣೆ ತಣ್ಣಗಿತ್ತು. ಕೂತ. ವಾರಿಜಾ ಎಡಕ್ಕೆ ಕೂತಳು. ಅವಳ ಮೊಳಕಾಲು ಲಟಕ್ ಅಂದದ್ದು ಅವನೊಬ್ಬನಿಗೇ ಕೇಳಿಸಿತು.

ಇಲ್ಲಿಂದ ಹಾಲ್ ಬೇರೆ ಥರ ಕಾಣುತ್ತಿತ್ತು. ಇಷ್ಟೊಂದು ಮುಖಗಳು ತನ್ನ ಕಡೆ ತಿರುಗಿದ್ದನ್ನು ಅವನು ಕಂಡಿರಲೇ ಇಲ್ಲ. ಒಂದು ಗಳಿಗೆ, ಸುಳ್ಳು ಯಾಕೆ, ಸುಖವಾಯಿತು. ಬಿಸಿ ನೀರಿಗೆ ಕಾಲಿಟ್ಟ ಹಾಗೆ ಸುಖವಾಯಿತು. ಆಮೇಲೆ ಕಣ್ಣು ತಾನಾಗಿ ನೀರಿನ ಡ್ರಮ್ಮಿನ ಹತ್ತಿರ ಹೋಯಿತು. ಹಣಮಂತ ಬಾಗಿಲ ಕಡೆ ತಿರುಗಿದ್ದ. ಚಪ್ಪಲಿಗಳ ರಾಶಿಯಲ್ಲಿ ತನ್ನದನ್ನು ಕಾಲಿನಿಂದಲೇ ಹುಡುಕುತ್ತಿದ್ದ. ಒಂದು ಸಿಕ್ಕಿತು, ಮೆಟ್ಟಿಕೊಂಡ. ಇನ್ನೊಂದು ಸಿಕ್ಕಿರಲಿಲ್ಲ. ಸಿಗದಿರಲಿ, ಸಿಗದಿರಲಿ ಅಂತ ಮುರಿಗೆಪ್ಪನ ಎದೆ ಹೊಡೆದುಕೊಂಡಿತು.

ಶಾಂತಪ್ಪ ರುಮಾಲನ್ನು ಬಿಚ್ಚಿ ಅಣ್ಣನ ತಲೆಗೆ ಒಂದು ಸುತ್ತು ಹಾಕಿದ. ಜಾರಿತು. ಇನ್ನೊಂದು ಸುತ್ತು. ಕಣ್ಣ ಮೇಲೆ ಬಂತು. ಜನ ನಕ್ಕರು. ಚಂದ್ರಾಮ ಮೈಕಿನಲ್ಲಿ, 'ಶಾಂತಪ್ಪ ಮಾವಾ, ಅದು ರುಮಾಲೋ, ಬ್ಯಾಂಡೇಜೋ? ತಡೀರಿ. ಎಕ್ಸ್‌ಪರ್ಟ್ ಅದಾರಲ್ಲ. ಹಣಮಂತಣ್ಣಾ! ಓ ಹಣಮಂತಣ್ಣಾ, ಎಲ್ಲಿ ಹೊಂಟ್ರಿ? ಬರ್ರಿ, ನಿಮ್ಮ ದೋಸ್ತನ ತಲಿ ಕಾಯಾಕತ್ತೈತಿ.' ಎಲ್ಲರೂ ತಿರುಗಿದರು. ಹಣಮಂತ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿ, ಹಾಗೇ ನಿಂತ. ಶಾಂತಪ್ಪ ಕೈ ಮುಗಿದು, 'ಬಾರಪ್ಪ, ನೀನ ಸುತ್ತಬೇಕು' ಅಂದ. ಬೀಗರ ಎದುರು ಕೈ ಮುಗಿದವನಿಗೆ ಏನಂತ ಇಲ್ಲ ಅನ್ನುವುದು? ಚಪ್ಪಲಿ ಬಿಟ್ಟು ಬಂದ. ಮುರಿಗೆಪ್ಪ ತಲೆ ತಗ್ಗಿಸಿದ. ಮೆಟ್ಟಿಲಿನ ಮೇಲೆ ಆ ಪಾದಗಳು ಬಂದವು, ಸುಣ್ಣ ಸಿಮೆಂಟು ತಿಂದು ಒಡೆದ ಹಿಮ್ಮಡಿಗಳು, ಚಳಿಗಾಲದಲ್ಲಿ ತಾನು ಮೇಣ ಹಚ್ಚುತ್ತಿದ್ದ ಹಿಮ್ಮಡಿಗಳು. ಅವು ಬಂದು ಬೆನ್ನ ಹಿಂದೆ ನಿಂತವು.

ರುಮಾಲಿನ ಒಂದು ತುದಿ ನೆತ್ತಿಗೆ ಒತ್ತಿ, ಹೆಬ್ಬೆರಳು ಹಣೆಯ ಮೇಲಿಟ್ಟು, ಹಣಮಂತ ಮೊದಲ ಸುತ್ತು ಎಳೆದ. ಬಿಗಿ. ಎರಡನೆಯದು ಇನ್ನೂ ಬಿಗಿ. ತಂತಿ ಬಿಗಿಯುವವನ ಕೈ. ಹಣೆಯ ನರ ಪಟಪಟ ಹೊಡೆದುಕೊಂಡಿತು. ನೋವಾಗಲಿ ಅಂತಲೇ ಎಳೆಯುತ್ತಿದ್ದಾನೆ ಅನ್ನಿಸಿತು, ಆಗಲಿ ಅನ್ನಿಸಿತು. ಮೂವತ್ತು ವರ್ಷದಲ್ಲಿ ಖೋಲಿಯ ಬಾಗಿಲು ಹಾಕದೆ ಈ ಕೈ ತನ್ನ ತಲೆಯನ್ನು ಮುಟ್ಟಿರಲಿಲ್ಲ. ಈಗ ಊರೆಲ್ಲ ನೋಡುತ್ತಿದೆ, ಮುಟ್ಟುತ್ತಿದೆ, ಮತ್ತು ಇದೇ ಕೊನೆಯ ಸಲ. ಈ ಬಟ್ಟೆ ಮುಗಿದ ಕೂಡಲೇ ಈ ಕೈ ಮೆಟ್ಟಿಲಿಳಿದು, ಇನ್ನೊಂದು ಚಪ್ಪಲಿ ಹುಡುಕಿಕೊಂಡು ಹೋಗುತ್ತದೆ. ಬಟ್ಟೆ ಇನ್ನೂ ಎಷ್ಟಿದೆ ಎಂದು ಮುರಿಗೆಪ್ಪ ಓರೆಗಣ್ಣಲ್ಲಿ ನೋಡಿದ. ಅರ್ಧ ಇತ್ತು.

'ಒಡಪು!' ಅಂದಳು ಕಾಶವ್ವ. 'ಹೆಸರು ಹೇಳದ ಸೀರಿ ಕೊಡೂದಿಲ್ಲ. ಅಕ್ಕಾರ, ಭಾವಾರ ಹೆಸರು ಹೇಳ್ರಿ.' ಹೆಂಗಸರೆಲ್ಲ 'ಹೆಸರು, ಹೆಸರು' ಅಂತ ಗದ್ದಲ ಮಾಡಿದರು. ಬೆಳಗಾವಿಯ ಬೀಗಿತಿಯರು ಮುಂದೆ ಬಾಗಿದರು, ಅವರಲ್ಲೂ ಇದು ಇದೆ. ವಾರಿಜಾ ಕೈಯಾಡಿಸಿದಳು. 'ನಮ್ಮಲ್ಲಿ ಇದೆಲ್ಲ ಇಲ್ಲ ಮಾರಾಯ್ತಿ. ಪದ್ಯ ಎಲ್ಲ ಬರುದಿಲ್ಲ ನಂಗೆ.' 'ಹಂಗಾರ ಭಾವಾರು ಹೇಳಲಿ. ಹೇಣ್ತಿ ಹೆಸರ ಹಾಕಿ ಹೇಳ್ರಿ ಭಾವಾರ, ಇಷ್ಟು ವರ್ಷ ಮುಚ್ಚಿಟ್ಟೀರಿ, ದಂಡಾ ಅದು!' ಚಂದ್ರಾಮ ಓಡಿ ಬಂದು ಮೈಕನ್ನು ಮುರಿಗೆಪ್ಪನ ಬಾಯಿಗೆ ಹಿಡಿದ. ಮೈಕಿನಿಂದ ಗುಟಖಾದ ವಾಸನೆ ಬಂತು. ತಲೆಯ ಮೇಲಿನ ಕೈ ನಿಂತಿತು.

ಸುಲಭ. ಅವ್ವ, ಅತ್ತೆ, ಓಣಿಯ ಹೆಂಗಸರು ಹೇಳಿದ್ದನ್ನು ಕೇಳುತ್ತ ಬೆಳೆದವನು. ಎರಡು ಸಾಲು, ಕೊನೆಗೆ ಒಂದು ಹೆಸರು, ಅಷ್ಟೇ. ಮಲ್ಲಿಗೆ, ಸಂಪಿಗೆ, ಏನೋ ಒಂದು, ಕೊನೆಗೆ ವಾರಿಜಾ. ಹೇಳಲು ಬಾಯಿ ತೆರೆದ. ತಲೆಯ ಮೇಲಿದ್ದ ಹೆಬ್ಬೆರಳು ನಿಧಾನಕ್ಕೆ ಹಗುರಾಗುತ್ತಿತ್ತು, ಬಿಡುವುದಕ್ಕೆ ಮೊದಲು ಆಗುವ ಹಾಗೆ. ಆಗ ಬಂತು. ಎಲ್ಲಿಂದ ಬಂತೋ ಅವನಿಗೆ ತಿಳಿಯದು, ಮೈಕಿನಲ್ಲಿ ತನ್ನ ದನಿ ಬೇರೆಯವರದರ ಹಾಗೆ ಕೇಳಿಸಿತು.

'ಬಾಂದ್ರಾದ ಲಿಫ್ಟಿನ್ಯಾಗ ಆಯುಷ್ಯ ಕಳದೆ ನಿಂತಾ ನಿಂತಾ,
ಸಾಂತಾಕ್ರೂಜಿನ ಖೋಲ್ಯಾಗ ಹಾದಿ ಕಾದಾಂವ ನಮ್ಮ ಹಣಮಂತಾ.'

ಹಾಲ್ ಬಿದ್ದು ಬಿದ್ದು ನಕ್ಕಿತು. ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಬೀಗಿತಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು, ಅಮಿತ ಸೀಟಿ ಹೊಡೆದ. ಚಂದ್ರಾಮ, 'ಅಬ್ಬಬ್ಬಬ್ಬಾ! ಮಾವಾರು ಜಾಣರಪ್ಪಾ! ಹೇಣ್ತಿ ಹೆಸರು ತಪ್ಪಿಸಾಕ ರುಮಾಲು ಸುತ್ತಾಂವನ ಹೆಸರು ಹೇಳಿಬಿಟ್ಟರು ನೋಡ್ರಿ! ನಡೆಯೂದಿಲ್ಲ, ನಡೆಯೂದಿಲ್ಲ, ಇನ್ನೊಮ್ಮಿ!' ಅಂದ. ಮುರಿಗೆಪ್ಪನಿಗೆ ಎದೆಯಿಂದ ಕಿತ್ತು ಕೊಟ್ಟದ್ದನ್ನು ಯಾರೋ ಬಲೂನು ಅಂತ ಹಾರಿಸಿದ ಹಾಗಾಯಿತು. ಹೇಳಿದ್ದ. ಜನ್ಮದಲ್ಲಿ ಮೊದಲ ಸಲ, ಮೈಕಿನಲ್ಲಿ, ಊರೆದುರು ಹೇಳಿದ್ದ, ಮತ್ತು ಅದು ಯಾರಿಗೂ ಕೇಳಿಸಿರಲಿಲ್ಲ. ಕೇಳಿಸಿದ್ದು ಇಬ್ಬರಿಗೆ. ವಾರಿಜಾ ನಗುತ್ತಿರಲಿಲ್ಲ. ತಲೆಯ ಮೇಲಿನ ಕೈ ಗಟ್ಟಿಯಾಗಿ ಕೂತಿತ್ತು, ಬಿದ್ದು ಹೋಗುವವನು ಕಟ್ಟೆ ಹಿಡಿದ ಹಾಗೆ.

ಶಾಂತಪ್ಪ ನಗುಮುಖದಲ್ಲೇ ಬಗ್ಗಿ ಹಲ್ಲಿನ ಸಂದಿಯಿಂದ, 'ಅಣ್ಣಾ, ಸಾಕು ಮಜಾಕು. ಬರೋಬ್ಬರಿ ಹೇಳು, ಬೀಗರು ನೋಡಾಕತ್ತಾರ' ಅಂದ. ನಗು ಇನ್ನೂ ಇಳಿದಿರಲಿಲ್ಲ. ಅದರೊಳಗೆ ನುಸುಳಿ ಹೋಗಬಹುದಿತ್ತು, ಮಜಾಕು ಅಂತಲೇ ಮುಗಿಸಬಹುದಿತ್ತು. ಹಣಮಂತನಿಗೂ ಒಂದು ಸಲ ಹೇಳಿದ ಹಾಗಾಯಿತು, ತಮ್ಮನ ಮಾನವೂ ಉಳಿಯಿತು. ಹಿಂದಿನಿಂದ ಹಣಮಂತ ಬಾಗಿದ. ಉಸಿರು ಕಿವಿಗೆ ತಾಗಿತು. 'ಬಿಡೋ ಮುರಿಗ್ಯಾ,' ಅಂದ. 'ನಂಗ ಮುಟ್ಟೈತಿ. ಆಕಿ ಹೆಸರ ಹೇಳಿ ಮುಗಸು. ಮನಿಗೆ ಹೋಗೂಣು.' ಮನಿಗೆ ಅಂದ. 'ಖೋಲಿಗೆ' ಅನ್ನಲಿಲ್ಲ.

ಅದಕ್ಕೇ ಸಿಟ್ಟು ಬಂತು. ಕ್ಷಮಿಸಿಬಿಟ್ಟದ್ದಕ್ಕೆ. ಕಟ್ಟೆಯ ಮೇಲೆ ಕೂತು ಸೊಳ್ಳೆ ಕಡಿಸಿಕೊಂಡವನು ಮತ್ತೆ ಕಟ್ಟೆಯ ಮೇಲೇ ಕೂಡಲು ತಯಾರಾದದ್ದಕ್ಕೆ, ಇಷ್ಟು ಅಗ್ಗಕ್ಕೆ ತಯಾರಾದದ್ದಕ್ಕೆ. ವಾರಿಜಾ ಎರಡೂ ಕೈ ನೆಲಕ್ಕೆ ಊರಿ, 'ಅಯ್ಯೋ ದೇವರೇ' ಅಂತ ನರಳಿ, ಮಣೆಯಿಂದ ಎದ್ದಳು. ಕಾಶವ್ವ ಹಿಡಿಯಲು ಬಂದಳು. 'ಅಕ್ಕಾರ, ಏನಾತು? ಕಾಲು ಹಿಡೀತೇನು?' 'ಕಾಲಲ್ಲ ಕಾಶವ್ವ,' ಅಂದಳು ವಾರಿಜಾ, ಮತ್ತು ಜಮಖಾನೆಯ ಅಂಚಿಗೆ ಸರಿದು ನಿಂತಳು. ಮಣೆ ಬರಿದಾಯಿತು. ನಗು ಅಲ್ಲಲ್ಲಿ ನಿಂತಿತು.

ಮುರಿಗೆಪ್ಪ ಚಂದ್ರಾಮನ ಕೈಯಿಂದ ಮೈಕು ಕಿತ್ತುಕೊಂಡ. ಕೊರಳಲ್ಲಿ ಕಫ ಕಟ್ಟಿತ್ತು, ಕೆಮ್ಮಿದ, ಕೆಮ್ಮು ಹಾಲ್ ತುಂಬ ಕೇಳಿಸಿತು. 'ನಾ ಮಜಾಕ್ ಮಾಡ್ಲಿಲ್ಲ,' ಅಂದ. 'ಶಾಂತಪ್ಪಾ, ಈ ಬಾಯಾರು ನನ್ನ ಜೀವಾ ಉಳಿಸ್ಯಾರ. ಹೇಣ್ತಿ ಅಲ್ಲ. ಹೆಸರ ಕೇಳಿದ್ರಿ, ಹೇಳೀನಿ. ಹಣಮಂತ. ಮೂವತ್ತು ವರ್ಷಾತು. ಇಂವ ನನ್ನ ಜೋಡಿ.'

ಈ ಸಲ ಯಾರೂ ನಗಲಿಲ್ಲ. ಶಾಂತಪ್ಪನ ಮುಖದ ನಗು ಮಾತ್ರ ಇಳಿಯಲು ಮರೆತು ಅಲ್ಲೇ ಉಳಿದಿತ್ತು, ಅದರ ಮೇಲಿನ ಕಣ್ಣುಗಳು ಅಣ್ಣನಿಂದ ಹಣಮಂತನಿಗೆ, ಹಣಮಂತನಿಂದ ಅಣ್ಣನಿಗೆ ಹೋಗಿ ಬರುತ್ತಿದ್ದವು. ಹಿಂದಿನ ಸಾಲಿನಲ್ಲಿ ಯಾರದೋ ಕುರ್ಚಿ ಸರಿಯಿತು. ಮುರಿಗೆಪ್ಪ ಮೈಕನ್ನು ಜಮಖಾನೆಯ ಮೇಲೆ ಇಟ್ಟ. ಕೈ ನಡುಗುತ್ತಿತ್ತು. ಏಳಲಿಲ್ಲ. ಅರ್ಧ ಸುತ್ತಿದ ರುಮಾಲಿನ ಉಳಿದ ಬಟ್ಟೆ ಬೆನ್ನ ಮೇಲೆ ಜೋತು ಬಿದ್ದಿತ್ತು. ಬಹಳ ಹೊತ್ತು ಅದು ಹಾಗೇ ಇತ್ತು. ಆಮೇಲೆ ಬೆನ್ನ ಮೇಲಿಂದ ಅದು ಮೆಲ್ಲಗೆ ಮೇಲೆದ್ದಿತು. ಹಣಮಂತ, ಈ ಸಲ ಬಿಗಿಯದೆ, ಮುಂದಿನ ಸುತ್ತು ಹಾಕಿದ.